ಮಣಿಕಟ್ಟಿನ ಮೇಲೊಂದು ಬಟಾಣಿ

ಪೂಲ್‌ನಿಂದ ಮೇಲೆ ಬರೋಕೆ ಎರಡು ದಾರಿ. ಒಂದು, ಮೂಲೆಯಲ್ಲಿರೋ ಸ್ಟೀಲ್ ಏಣಿ. ಇನ್ನೊಂದು, ಎರಡೂ ಅಂಗೈ ದಡದ ಮೇಲೆ ಊರಿ ಒಂದೇ ಏಟಿಗೆ ಮೈಯೆತ್ತಿ ಆಚೆ ಬರೋದು. ನಮ್ಮ ಲೇನಿನವರು ಯಾರೂ ಏಣಿ ಹತ್ತಲ್ಲ. ಏಣಿ ಇರೋದು ಚಿಕ್ಕ ಮಕ್ಕಳಿಗೆ, ಆಮೇಲೆ ಮಂಡಿನೋವಿಗೆ ಅಂತ ನೀರಲ್ಲಿ ನಡೆಯೋಕೆ ಬರೋ ಆಂಟಿಯರಿಗೆ ಅನ್ನೋ ಸಣ್ಣ ಅಹಂಕಾರ ನಮಗೆ.

ಹೋದ ವರ್ಷ ಜೂನ್‌ನ ಒಂದು ಬೆಳಗ್ಗೆ ಹಾಗೆ ಕೈಯೂರಿ ಏಳುವಾಗ ಬಲ ಮಣಿಕಟ್ಟು ಚುಳ್ ಅಂತು. ಕೈ ಜಾರಿ ಗಲ್ಲ ದಡಕ್ಕೆ ಬಡಿಯೋದು ಸ್ವಲ್ಪದರಲ್ಲಿ ತಪ್ಪಿತು. ಉಳುಕಿರಬೇಕು ಅಂದ್ಕೊಂಡು ಸುಮ್ಮನಾದೆ. ಅದೇ ಮಧ್ಯಾಹ್ನ ಆಫೀಸಿನಲ್ಲಿ ಮೌಸ್ ಹಿಡಿದಿದ್ದಾಗ ಪಕ್ಕದ ಸೀಟಿನ ಗೆಳತಿ, "ಇದೇನೇ ನಿನ್ ಕೈ ಮೇಲೆ ಬಟಾಣಿ?" ಅಂದಳು. ಮಣಿಕಟ್ಟು ಬಗ್ಗಿಸಿದರೆ ಹಿಂಬದಿಯಲ್ಲಿ ಬಟಾಣಿ ಗಾತ್ರದ ಉಬ್ಬು. ನೆಟ್ಟಗೆ ಮಾಡಿದರೆ ಮಾಯ. ಒತ್ತಿದರೆ ರಬ್ಬರಿನ ಹಾಗೆ.

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಈಜಿನ ಹುಚ್ಚು ಗೊತ್ತು. ಹೊಸಬರಿಗೆ ಎರಡು ಮಾತು. ಮೈಸೂರಿನಲ್ಲಿ ಶಾಲೆಗೆ ಹೋಗೋವಾಗ ಜಿಲ್ಲಾ ಮಟ್ಟದಲ್ಲಿ ಬ್ರೆಸ್ಟ್ ಸ್ಟ್ರೋಕ್ ಈಜುತ್ತಿದ್ದೆ. ಸೆಕೆಂಡ್ ಪಿಯುಸಿ ಬಂತು, ಸಿಇಟಿ ಕೋಚಿಂಗ್ ಬಂತು, ಈಜು ನಿಂತಿತು. ಎಷ್ಟು ಜನ ಹುಡುಗಿಯರದ್ದು ಇದೇ ಕಥೆಯೋ! ಬೆಂಗಳೂರಿಗೆ ಬಂದು, ಕೆಲಸ ಸಿಕ್ಕಿ, ಇಪ್ಪತ್ತೈದು ತುಂಬಿದ ಮೇಲೆ ಒಂದು ದಿನ ಗೊತ್ತಾಯ್ತು: ಮಾಸ್ಟರ್ಸ್ ಈಜು ಶುರುವಾಗೋದೇ 25ನೇ ವಯಸ್ಸಿಗೆ. ಅಲ್ಲಿಂದ ಐದೈದು ವರ್ಷಕ್ಕೊಂದು ಗುಂಪು. ನಮ್ಮ ಪೂಲ್‌ನಲ್ಲಿ ಪಕ್ಕದ ಲೇನಿನಲ್ಲಿ ಈಜೋ ಮಕ್ಕಳು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 14ನೇ ವಯಸ್ಸಿಗೇ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಥರ ಆಗಬೇಕು ಅನ್ನೋರು. ಅವರ ನಡುವೆ ನಾನು ಅಜ್ಜಿ. ಮಾಸ್ಟರ್ಸ್‌ನಲ್ಲಿ ಮಾತ್ರ ನಾನೇ ಕಿರಿಯಳು. ಆ ಖುಷಿಗೇ ಬೆಳಗ್ಗೆ ಐದಕ್ಕೆ ಏಳ್ತೀನಿ.

ಅಕ್ಟೋಬರ್‌ನಲ್ಲಿ ಒಂದು ಮೀಟ್ ಇತ್ತು. 50 ಮೀಟರ್ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ 44 ಸೆಕೆಂಡಿನ ಒಳಗೆ ಬರಬೇಕು ಅಂತ ವರ್ಷವಿಡೀ ಲೆಕ್ಕ ಹಾಕಿದ್ದೆ. ಆದ್ದರಿಂದ ಆ ಬಟಾಣಿಯನ್ನು ಯಾರಿಗೂ ತೋರಿಸಲಿಲ್ಲ. ಕೋಚ್ ಸರ್‌ಗೆ ಹೇಳಿದರೆ ವಿಶ್ರಾಂತಿ ತಗೋ ಅಂತಾರೆ. ಅಮ್ಮನಿಗೆ ಹೇಳಿದರೆ ಈಜೇ ಬಿಡು ಅಂತಾಳೆ.

ಆದರೆ ಅಮ್ಮನ ಕಣ್ಣಿಂದ ಎಷ್ಟು ದಿನ ಮುಚ್ಚಿಡೋಕಾಗುತ್ತೆ? ವಿಡಿಯೋ ಕಾಲ್‌ನಲ್ಲಿ ಕೂದಲು ಸರಿ ಮಾಡ್ಕೊಂಡಾಗ ಕಂಡೇಬಿಟ್ಟಿತು.

"ಏನೇ ಅದು ಕೈ ಮೇಲೆ?"

"ಏನಿಲ್ಲಮ್ಮ, ಚಿಕ್ಕ ಗಂಟು."

ಆ ಕಡೆ ಮಾತು ನಿಂತೇ ಹೋಯಿತು. ನಮ್ಮ ಮನೆಯಲ್ಲಿ 'ಗಂಟು' ಅನ್ನೋ ಪದವನ್ನು ಹಾಗೆಲ್ಲ ಸಲೀಸಾಗಿ ಬಳಸೋ ಹಾಗಿಲ್ಲ. ಎಂಟು ವರ್ಷದ ಹಿಂದೆ ನಮ್ಮ ಚಿಕ್ಕಮ್ಮನಿಗೆ ಎದೆಯಲ್ಲಿ ಗಂಟು ಸಿಕ್ಕಿತ್ತು. ಮನೆಯಲ್ಲಿ ಮದುವೆ ಇತ್ತು, ಮುಗೀಲಿ ಅಂತ ಯಾರಿಗೂ ಹೇಳದೆ ಏಳು ತಿಂಗಳು ತಳ್ಳಿದ್ದರು. ಮದುವೆಯ ಫೋಟೋದಲ್ಲೆಲ್ಲ ನಗ್ತಾ ನಿಂತಿದ್ದಾರೆ. ಆಮೇಲಿನ ಎರಡು ವರ್ಷ ಆಪರೇಷನ್, ಕಿಮೋ, ರೇಡಿಯೇಷನ್. ಉಳಿದರು, ಈಗ ಚೆನ್ನಾಗಿದ್ದಾರೆ. ಆದರೆ ಮೊದಲೇ ತೋರಿಸಿದ್ದರೆ ಅಷ್ಟು ನರಳಬೇಕಿರಲಿಲ್ಲ ಅನ್ನೋ ಮಾತು ನಮ್ಮನೆಯ ಗೋಡೆಗಳಿಗೂ ಗೊತ್ತು.

ಅಮ್ಮ ಭಯ ಬಿದ್ದಾಗ ವೈದ್ಯಳಾಗ್ತಾಳೆ. "ಹರಳೆಣ್ಣೆ ಹಚ್ಚಿ ತಿಕ್ಕು, ಸುಣ್ಣ ಅರಿಶಿನ ಕಲಸಿ ಪಟ್ಟು ಹಾಕು, ರಾತ್ರಿ ಒಂದು ರೂಪಾಯಿ ನಾಣ್ಯ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟು" ಅಂತ ಮೂರು ದಿನ ಮೂರು ಫೋನು. ಆಫೀಸಿನ ಒಬ್ಬ ಮಹಾಶಯ ಇನ್ನೊಂದು ದಾರಿ ತೋರಿಸಿದ. ದಪ್ಪ ಪುಸ್ತಕದಿಂದ ರಪ್ಪಂತ ಹೊಡೆದರೆ ಒಡೆದು ಹೋಗುತ್ತೆ ಅಂತ ವಿಡಿಯೋನೇ ಕಳಿಸಿದ. ಇಂಗ್ಲಿಷ್ ಮಾತಾಡೋ ನಾಡುಗಳಲ್ಲಿ ಹಿಂದೆ ಮನೆಯ ಬೈಬಲ್ ತಗೊಂಡು ಹೀಗೇ ಹೊಡೀತಿದ್ದರಂತೆ, ಅದಕ್ಕೇ ಅಲ್ಲಿ ಇದಕ್ಕೆ 'ಬೈಬಲ್ ಗಂಟು' ಅನ್ನೋ ಹೆಸರೂ ಇದೆ. ನಾನು ಎರಡನ್ನೂ ಮಾಡಲಿಲ್ಲ. ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ರಾತ್ರಿ ಒಂದು ಗಂಟೆಗೆ ಹೊದಿಕೆಯೊಳಗೆ ಫೋನ್ ಹಿಡಿದು ಹುಡುಕುತ್ತಾ ಕೂತೆ. ಎರಡು ಗಂಟೆಯ ಹೊತ್ತಿಗೆ ನನಗೆ ಮೂಳೆಯ ಕ್ಯಾನ್ಸರ್ ಆಗಿತ್ತು.

ಚಿಕ್ಕಮ್ಮನ ಫೋನ್ ಬಂದಿದ್ದು ಆ ವಾರವೇ. ಅಮ್ಮ ಹೇಳಿರಬೇಕು. ಅವರು ಹೆಚ್ಚು ಮಾತಾಡಲಿಲ್ಲ. "ಪುಟ್ಟೀ, ಅದು ಏನೇ ಇರಲಿ, ಗಂಟು ಅಂದಮೇಲೆ ತೋರಿಸ್ಬೇಕು. ನಿನ್ನ ಸ್ಪರ್ಧೆ ನಂಗೂ ಗೊತ್ತು. ನಂಗೂ ಆಗ ಮದುವೆ ಇತ್ತು" ಅಂದರು.

ಮರುದಿನವೇ ಕೈಯ ಮೂಳೆತಜ್ಞರ ಅಪಾಯಿಂಟ್‌ಮೆಂಟ್ ತಗೊಂಡೆ.

ಡಾಕ್ಟರ್ ನನ್ನ ಕೈ ನೋಡಿ ಮೊದಲು ಮಾಡಿದ ಕೆಲಸ ಲೈಟ್ ಆರಿಸಿದ್ದು. ಪುಟ್ಟ ಟಾರ್ಚನ್ನು ಗಂಟಿನ ಪಕ್ಕಕ್ಕೆ ಒತ್ತಿ ಹಿಡಿದರು. ಗಂಟು ಕೆಂಪಗೆ, ಒಳಗೆ ದೀಪ ಇಟ್ಟ ಹಾಗೆ ಹೊಳೆಯಿತು. "ನೋಡಿ, ಬೆಳಕು ಹಾಯ್ತಾ ಇದೆ. ಒಳಗಿರೋದು ದ್ರವ. ಗಟ್ಟಿ ಗಡ್ಡೆ ಆಗಿದ್ರೆ ಹೀಗೆ ಕಾಣಲ್ಲ" ಅಂದರು. ಆಮೇಲೆ ಅಲ್ಟ್ರಾಸೌಂಡ್ ಮಾಡಿಸಿ ಖಚಿತ ಮಾಡಿಕೊಂಡರು. ಗ್ಯಾಂಗ್ಲಿಯಾನ್ ಸಿಸ್ಟ್. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗೋದೂ ಇಲ್ಲ. ಹೊರಗೆ ಬಂದು ಮೊದಲು ಚಿಕ್ಕಮ್ಮನಿಗೆ ಮೆಸೇಜ್ ಮಾಡಿದೆ, ಆಮೇಲೆ ಅಮ್ಮನಿಗೆ.

ಡಾಕ್ಟರ್ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ, ಯಾಕೆಂದರೆ ಇದು ನಮ್ಮ ವಯಸ್ಸಿನವರಿಗೇ ಜಾಸ್ತಿ. ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕೀಲಿನ ಸುತ್ತ ಇರೋ ಪೊರೆಯಿಂದ ಒಂದು ಸಣ್ಣ ಚೀಲ ಹೊರಗೆ ಉಬ್ಬುತ್ತೆ. ಅದರೊಳಗೆ ತಲೆಗೆ ಹಚ್ಚೋ ಜೆಲ್ ಥರದ, ಗಟ್ಟಿಯಾದ, ಅಂಟಂಟಾದ ದ್ರವ. ಚೀಲಕ್ಕೂ ಕೀಲಿಗೂ ನಡುವೆ ಒಂದು ತೊಟ್ಟು ಇರುತ್ತೆ, ಬದನೆಕಾಯಿಗೆ ಇರೋ ಹಾಗೆ. ಕೀಲಿನ ಕಡೆಯಿಂದ ದ್ರವ ಒಳಗೆ ಬರುತ್ತೆ, ವಾಪಸ್ ಹೋಗೋದು ಕಷ್ಟ. ಹತ್ತರಲ್ಲಿ ಆರೇಳು ಗಂಟು ಮಣಿಕಟ್ಟಿನ ಹಿಂಬದಿಯಲ್ಲೇ ಬರುತ್ತವೆ. ಇದು ಯಾಕೆ ಆಗುತ್ತೆ ಅನ್ನೋದಕ್ಕೆ ಒಂದೇ ಕಾರಣ ಹೇಳೋಕೆ ಬರಲ್ಲ. ಈಜಿನಿಂದಲೇ ಬಂತು ಅಂತಲೂ ಅಲ್ಲ. ಆದರೆ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ ಭಾರ ಹಾಕಿದರೆ ನೋವು ಜೋರಾಗುತ್ತೆ. ಪುಷ್ ಅಪ್ ಮಾಡುವಾಗ, ಯೋಗದಲ್ಲಿ ಅಂಗೈ ಊರುವಾಗ ನೋಯೋದು ಅದಕ್ಕೇ. ನಾನು ಪೂಲ್‌ನಿಂದ ಏಳುವಾಗ ಕೈ ಸೋತದ್ದೂ ಅದಕ್ಕೇ.

"ಹೊಡೆದು ಒಡೆಯೋಕೆ ಮಾತ್ರ ಹೋಗ್ಬೇಡಿ" ಅಂದರು ಡಾಕ್ಟರ್. ಹೊಡೆದರೆ ಪಕ್ಕದ ಮೂಳೆ, ಸ್ನಾಯುಗಳಿಗೆ ಪೆಟ್ಟಾಗಬಹುದು, ಗಂಟೂ ಮತ್ತೆ ತುಂಬಿಕೊಳ್ಳಬಹುದು. ಅವರು ಮುಂದಿಟ್ಟ ದಾರಿ ಮೂರು.

ಮೊದಲನೆಯದು, ಸುಮ್ಮನೆ ಬಿಡೋದು. ಹೆಚ್ಚುಕಡಿಮೆ ಅರ್ಧದಷ್ಟು ಗಂಟುಗಳು ತಾವಾಗೇ ಕರಗುತ್ತವೆ. ಆದರೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು. ಎರಡನೆಯದು, ಸೂಜಿ ಹಾಕಿ ದ್ರವ ಎಳೆಯೋದು. ಹತ್ತು ನಿಮಿಷದ ಕೆಲಸ, ಆದರೆ ತೊಟ್ಟು ಅಲ್ಲೇ ಉಳಿಯೋದರಿಂದ ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಬರುತ್ತೆ. ಮೂರನೆಯದು, ಆಪರೇಷನ್ ಮಾಡಿ ತೊಟ್ಟಿನ ಸಮೇತ ತೆಗೆಯೋದು. ಮರಳಿ ಬರೋ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಜೊತೆಗೆ ಗಾಯದ ಗುರುತು, ಸ್ವಲ್ಪ ಬಿಗಿತ, ಕೆಲವು ವಾರ ನೀರಿಲ್ಲ.

"ನೋವಿಲ್ಲದಿದ್ರೆ ಮೊದಲನೆಯದನ್ನೇ ಹೇಳ್ತಿದ್ದೆ. ನಿಮ್ಮದು ನೋವಿದೆ, ಈಜೂ ಇದೆ. ನೀವೇ ಯೋಚನೆ ಮಾಡಿ. ಯಾವುದಕ್ಕೂ ಆತುರ ಇಲ್ಲ" ಅಂದರು.

ಆತುರ ಇದ್ದಿದ್ದು ನನಗೆ. ಮೀಟ್‌ಗೆ ಎಂಟು ವಾರ ಇತ್ತು.

ಕೊನೆಗೂ ಕೋಚ್ ಸರ್‌ಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ನನ್ನ ಕೈ ಹಿಡಿದು ನೋಡಿ, "ಏನಮ್ಮಾ, ಎರಡು ತಿಂಗಳಿಂದ ನಿನ್ನ ಟರ್ನ್ ಯಾಕೆ ನಿಧಾನ ಆಯ್ತು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ" ಅಂದರು ಅಷ್ಟೆ. ನನಗೇ ಗೊತ್ತಿಲ್ಲದ ಹಾಗೆ ಬಲಗೈಯನ್ನು ಉಳಿಸ್ಕೊಳ್ತಾ ಇದ್ದೆ. ಫ್ರೀಸ್ಟೈಲ್‌ನಲ್ಲಿ ಪಲ್ಟಿ ಹೊಡೆದು ಕಾಲಿಂದಲೇ ಗೋಡೆ ಒದ್ದು ತಿರುಗಬಹುದು. ಬ್ರೆಸ್ಟ್ ಸ್ಟ್ರೋಕ್, ಬಟರ್‌ಫ್ಲೈನಲ್ಲಿ ಹಾಗಲ್ಲ. ಎರಡೂ ಕೈ ಒಟ್ಟಿಗೇ ಗೋಡೆಗೆ ತಾಗಬೇಕು ಅನ್ನೋದು ನಿಯಮ. ವೇಗವಾಗಿ ಬಂದು ಅಂಗೈ ಗೋಡೆಗೆ ಅಪ್ಪಳಿಸಿದಾಗ ಮೈಯ ಭಾರ ಪೂರ್ತಿ ಮಣಿಕಟ್ಟಿನ ಮೇಲೆ. ಟೇಪ್ ಸುತ್ತಿಕೊಂಡು ಸ್ಪರ್ಧೆಗೆ ಇಳಿಯೋಣ ಅಂದರೆ, ಅನುಮತಿ ಇಲ್ಲದೆ ಮೈಮೇಲೆ ಟೇಪ್ ಹಾಕೋ ಹಾಗಿಲ್ಲ.

ಸರ್ ನನ್ನ ಸೆಟ್‌ಗಳನ್ನೆಲ್ಲ ಬದಲಾಯಿಸಿದರು. ಪ್ಯಾಡಲ್ ಬಂದ್, ಅದು ಅಂಗೈ ಮೇಲೆ ನೀರಿನ ಹೊರೆ ಹೆಚ್ಚಿಸುತ್ತೆ. ಕಿಕ್ ಬೋರ್ಡ್ ಹಿಡಿಯುವಾಗ ಮಣಿಕಟ್ಟು ಹಿಂದಕ್ಕೆ ಬಗ್ಗುತ್ತಲ್ಲ, ಅದೂ ಬಂದ್. ಬೆನ್ನ ಮೇಲೆ ಮಲಗಿ, ಕೈ ಚಾಚಿ, ಬರೀ ಕಾಲು. ಜಿಮ್‌ನಲ್ಲಿ ಪುಷ್ ಅಪ್ ಬದಲು ಮುಂಗೈ ಊರಿ ಪ್ಲ್ಯಾಂಕ್. ಟರ್ನ್‌ನಲ್ಲಿ ಅಂಗೈ ಅಪ್ಪಳಿಸದೆ ಬೆರಳುಗಳಿಂದ ತಾಗಿಸಿ ತಿರುಗೋ ಅಭ್ಯಾಸ. ಆಮೇಲೆ ಕೊನೆಯ ಮಾತು: "ನಾಳೆಯಿಂದ ನೀನು ಏಣಿ."

ಆಂಟಿಯರ ಹಿಂದೆ ಸಾಲಲ್ಲಿ ನಿಂತು ಏಣಿ ಹತ್ತೋದು ಕೈ ನೋವಿಗಿಂತ ದೊಡ್ಡ ನೋವಾಗಿತ್ತು ಅಂತ ಈಗ ಒಪ್ಕೊಳ್ತೀನಿ.

ಇಷ್ಟಾದರೂ ನಂಗೆ ತಾಳ್ಮೆ ಇರಲಿಲ್ಲ. ಮೀಟ್‌ಗೆ ಮೂರು ವಾರ ಇರುವಾಗ ಸೂಜಿ ಹಾಕಿಸಿಕೊಂಡೆ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿ ಚುಚ್ಚಿ ಎಳೆದರು. ಸಿರಿಂಜ್‌ನಲ್ಲಿ ತಿಳಿಯಾದ ಜೆಲ್ಲಿ. ಗಂಟು ಕಣ್ಣೆದುರೇ ಇಳಿದು ಹೋಯಿತು. ಎಂಥಾ ಖುಷಿ! ಅಮ್ಮನಿಗೆ ಫೋಟೋ ಕಳಿಸಿದೆ. ಅಕ್ಟೋಬರ್ ಮೀಟ್‌ನಲ್ಲಿ 43.8 ಸೆಕೆಂಡ್, ನನ್ನ ಗುಂಪಿನಲ್ಲಿ ಮೂರನೇ ಸ್ಥಾನ. ನನ್ನ ಜೀವನದ ಮೊದಲ ಮಾಸ್ಟರ್ಸ್ ಪದಕ.

ನವೆಂಬರ್ ಮಧ್ಯದಲ್ಲಿ ಗಂಟು ವಾಪಸ್ ಬಂತು. ಈ ಸಲ ದ್ರಾಕ್ಷಿ ಗಾತ್ರ. ಪದಕದ ಹುರುಪಿನಲ್ಲಿ ನಾನು ಮತ್ತೆ ಪ್ಯಾಡಲ್ ಹಾಕಿಕೊಂಡಿದ್ದೆ, ನನ್ನಿಂದಲೇ ಬಂತು ಅಂತ ಅಳುಮುಖ ಮಾಡ್ಕೊಂಡು ಡಾಕ್ಟರ್ ಮುಂದೆ ಕೂತೆ. "ನೀವು ಪ್ಯಾಡಲ್ ಹಾಕದಿದ್ರೂ ಬರಬಹುದಿತ್ತು. ತೊಟ್ಟು ಅಲ್ಲೇ ಇದೆಯಲ್ಲ. ಅಪರಾಧ ಅಂತ ಹೊತ್ಕೋಬೇಡಿ" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಮೈಗೆ ಏನಾದರೂ ಆದರೆ ನಾವು ಮೊದಲು ಹುಡುಕೋದು ತಪ್ಪು ಯಾರದ್ದು ಅಂತ. ಹೆಚ್ಚಿನ ಸಲ ಯಾರದ್ದೂ ಅಲ್ಲ.

ಜನವರಿಯಲ್ಲಿ ಆಪರೇಷನ್ ಅಂತ ತೀರ್ಮಾನ ಆಯ್ತು. ಹೇಗೂ ಚಳಿ, ಮೀಟ್‌ಗಳೂ ಇರಲಿಲ್ಲ. ಆಫೀಸಿನಲ್ಲಿ ರಜೆ ಕೇಳಿದಾಗ ನಮ್ಮ ಮ್ಯಾನೇಜರ್, "ಅಷ್ಟು ಚಿಕ್ಕ ಗಂಟಿಗೆ ಇಷ್ಟು ರಜೆನಾ? ಎಡಗೈ ಇದೆಯಲ್ಲ" ಅಂದರು. ಆ ಕ್ಷಣ ಉತ್ತರ ಹೊಳೀಲಿಲ್ಲ. ಬಲಗೈ ಕಟ್ಟಿಕೊಂಡು ಎಡಗೈಲಿ ಕೋಡ್ ಟೆಸ್ಟ್ ಮಾಡಿ ತೋರಿಸಿ ಅನ್ನಬೇಕಿತ್ತು. ಒಂದು ಕಿವಿಮಾತು: ಇದು ಬೆಳಗ್ಗೆ ಹೋಗಿ ಸಂಜೆ ಬರೋ ಆಪರೇಷನ್. ನಿಮ್ಮ ಆಫೀಸಿನ ಇನ್ಶೂರೆನ್ಸ್‌ನಲ್ಲಿ ಡೇ ಕೇರ್ ಚಿಕಿತ್ಸೆ ಸೇರಿದೆಯಾ ಅಂತ ಮೊದಲೇ ಓದ್ಕೊಳ್ಳಿ. ನಾನು ಓದಿದ್ದು ಹಿಂದಿನ ರಾತ್ರಿ.

ಆಪರೇಷನ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಕೈಯಷ್ಟನ್ನೇ ಮರಗಟ್ಟಿಸಿದರು, ನಾನು ಎಚ್ಚರವಾಗೇ ಇದ್ದೆ. ತೋಳಿಗೆ ಬಿಪಿ ಪಟ್ಟಿಯಂಥದ್ದು ಬಿಗಿದರು, ರಕ್ತ ಹರಿಯದೆ ಒಳಗೆಲ್ಲ ಸ್ಪಷ್ಟ ಕಾಣಲಿ ಅಂತ. ಮುಕ್ಕಾಲು ಗಂಟೆಯಲ್ಲಿ ಮುಗೀತು. ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರೋ ತನಕ ಅಮ್ಮ ದಿನಾ ಚಾಮುಂಡಿಗೆ ತುಪ್ಪದ ದೀಪ ಹಚ್ಚಿದಳು. ವರದಿಯಲ್ಲಿ ಬರೀ ಗ್ಯಾಂಗ್ಲಿಯಾನ್ ಅಂತಲೇ ಬಂತು.

ಬ್ಯಾಂಡೇಜ್ ಕಟ್ಟಿದ ದಿನದಿಂದಲೇ ಬೆರಳು ಆಡಿಸಬೇಕು, ಇಲ್ಲದಿದ್ದರೆ ಬಿಗಿಯಾಗುತ್ತೆ ಅಂದಿದ್ದರು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಆಮೇಲೆ ಫಿಸಿಯೋ. ಕೈಯನ್ನು ಮೇಜಿನ ಅಂಚಿನಲ್ಲಿಟ್ಟು ಮೇಲೆ ಕೆಳಗೆ, ಸ್ಪಂಜಿನ ಚೆಂಡು ಹಿಸುಕೋದು, ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಎತ್ತೋದು. ಮೊದಲ ವಾರ ದೋಸೆ ಮಗುಚೋಕೂ ಆಗ್ತಿರಲಿಲ್ಲ. ಮೈಸೂರಿಂದ ಬಂದಿದ್ದ ಅಮ್ಮ ನಂಗೆ ತಲೆ ಬಾಚಿ ಜಡೆ ಹಾಕಿದಳು, ಹೈಸ್ಕೂಲ್ ನಂತರ ಮೊದಲ ಸಲ.

ಗಾಯ ಪೂರ್ತಿ ಮಾಗೋ ತನಕ ಪೂಲಿಗೆ ಇಳಿಯೋ ಹಾಗಿರಲಿಲ್ಲ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಬೆಳಗ್ಗೆ ಐದಕ್ಕೆ ಎದ್ದು ಸುಮ್ಮನೆ ಪೂಲಿಗೆ ಹೋಗಿ ಬೆಂಚಿನ ಮೇಲೆ ಕೂರೋಕೆ ಶುರು ಮಾಡಿದೆ. ಎರಡನೇ ದಿನ ಸರ್ ಸ್ಟಾಪ್ ವಾಚ್ ಕೈಗೆ ಕೊಟ್ಟು, "ಎಡಗೈಲಿ ಒತ್ತೋಕೆ ಬರುತ್ತಲ್ಲ?" ಅಂದರು. ನಾಲ್ಕು ವಾರ ಮಕ್ಕಳ ಸಮಯ ಬರೆದೆ.

ಹನ್ನೊಂದು ವರ್ಷದ ಹುಡುಗಿಯೊಬ್ಬಳು ಪ್ರತೀ ಸೆಟ್ ಆದಮೇಲೆ ಭುಜ ಹಿಡಿದುಕೊಂಡು, ನಾನು ನೋಡಿದ ತಕ್ಷಣ ಕೈ ಕೆಳಗಿಳಿಸ್ತಿದ್ದಳು. ಮೂರು ದಿನ ನೋಡಿದೆ. ನಾಲ್ಕನೇ ದಿನ ನನ್ನ ಬ್ಯಾಂಡೇಜ್ ತೋರಿಸಿ ಕೇಳಿದೆ, "ಎಷ್ಟು ದಿನದಿಂದ ನೋಯ್ತಿದೆ?" ಅವಳು ಅತ್ತಿತ್ತ ನೋಡಿ, "ಅಕ್ಕಾ, ಸರ್‌ಗೆ ಹೇಳ್ಬೇಡಿ. ಮುಂದಿನ ತಿಂಗಳು ಮೀಟ್ ಇದೆ" ಅಂದಳು.

ಅವಳ ವಯಸ್ಸು ಹನ್ನೊಂದು. ನನಗೆ ಇಪ್ಪತ್ತೇಳು. ಚಿಕ್ಕಮ್ಮನಿಗೆ ಆಗ ನಲವತ್ತಾರು. ಮೂವರ ಬಾಯಲ್ಲೂ ಒಂದೇ ಮಾತು: ಇದೊಂದು ಮುಗೀಲಿ, ಆಮೇಲೆ.

ನಾನು ಹೇಳಿಬಿಟ್ಟೆ, ಸರ್‌ಗೂ, ಅವಳಮ್ಮನಿಗೂ. ಎರಡು ವಾರ ಆ ಹುಡುಗಿ ನನ್ನ ಜೊತೆ ಮಾತು ಬಿಟ್ಟಳು. ಆ ಮೀಟ್‌ಗೆ ಅವಳನ್ನು ಇಳಿಸಲಿಲ್ಲ. ನಾನು ಮಾಡಿದ್ದು ಸರಿ ಅಂತ ಗೊತ್ತಿದ್ದರೂ, ಅವಳು ಗ್ಯಾಲರಿಯಲ್ಲಿ ಕೂತು ಗೆಳತಿಯರ ರೇಸ್ ನೋಡ್ತಿದ್ದ ಮುಖ ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತೆ. ಈಗ ಭುಜ ಸರಿ ಹೋಗಿದೆ, ಮಾತೂ ಬಂದಿದೆ.

ಫೆಬ್ರವರಿ ಕೊನೆಗೆ ನೀರಿಗಿಳಿದೆ. ಮೊದಲ ದಿನ ಇನ್ನೂರು ಮೀಟರ್, ಅಷ್ಟೇ. ಪ್ಯಾಡಲ್ ಮುಟ್ಟಿದ್ದು ಏಪ್ರಿಲ್ ಕೊನೆಗೆ. ಜುಲೈನ ಮೀಟ್‌ನಲ್ಲಿ ನನ್ನ ಸಮಯ 45.1. ಹಳೆಯದಕ್ಕಿಂತ ಒಂದೂ ಕಾಲು ಸೆಕೆಂಡಿಗೂ ಹೆಚ್ಚು ನಿಧಾನ, ಐದನೇ ಸ್ಥಾನ. ಎಲ್ಲ ಸರಿ ಹೋಗಿ ದಾಖಲೆ ಮುರಿದೆ ಅಂತ ಬರೆಯೋ ಆಸೆ ನಂಗೂ ಇತ್ತು. ಮಣಿಕಟ್ಟು ಹಿಂದಕ್ಕೆ ಮೊದಲಿನಷ್ಟು ಪೂರ್ತಿ ಬಗ್ಗಲ್ಲ, ಇನ್ನೂ ಸ್ವಲ್ಪ ಬಾಕಿ ಇದೆ. ಫಿಸಿಯೋ ನಡೀತಿದೆ. ಆದರೆ ಗೋಡೆ ತಾಗಿದಾಗ ಚುಳ್ ಅನ್ನಲ್ಲ. ತಾಗೋ ಮುಂಚೆ ಮೈ ಹೆದರಿ ಹಿಂಜರಿಯೋದು ನಿಂತಿದೆ. ನನಗೆ ಬೇಕಿದ್ದದ್ದು ಅದೇ.

ನಿಮ್ಮ ಮಣಿಕಟ್ಟಿನ ಮೇಲೂ ಇಂಥದ್ದೊಂದು ಬಟಾಣಿ ಇದ್ದರೆ ಗಾಬರಿ ಬೇಡ, ನಾಣ್ಯ ಕಟ್ಟೋದೂ ಬೇಡ. ಒಂದು ಸಲ ತೋರಿಸಿ. ಗಂಟು ಕಲ್ಲಿನ ಹಾಗೆ ಗಟ್ಟಿ ಇದ್ದರೆ, ಬೇಗ ಬೇಗ ದೊಡ್ಡದಾಗ್ತಿದ್ದರೆ, ಕೆಂಪಗಾಗಿ ಬಿಸಿ ಇದ್ದರೆ, ಬೆರಳು ಜುಮ್ಮೆನ್ನುತ್ತಿದ್ದರೆ ಅಥವಾ ಹಿಡಿತ ಸೋಲ್ತಿದ್ದರೆ ತಡ ಮಾಡಲೇಬೇಡಿ. ಅಂಗೈ ಕಡೆಯ ಮಣಿಕಟ್ಟಿನಲ್ಲಿ, ನಾಡಿ ಹಿಡಿಯೋ ಜಾಗದ ಹತ್ತಿರ ಇದ್ದರೆ ಯಾರ ಕೈಗೂ ಸೂಜಿ ಕೊಡಬೇಡಿ, ಅಲ್ಲೇ ರಕ್ತನಾಳ ಇರುತ್ತೆ, ಕೈಯ ತಜ್ಞರೇ ನೋಡಬೇಕು. ನೋವಿಲ್ಲದ ಗಂಟಾದರೆ ನಿಮ್ಮ ಡಾಕ್ಟರ್ ಸುಮ್ಮನಿರಿ ಅನ್ನಬಹುದು. ಆಗ ಸುಮ್ಮನಿರೋದೂ ಒಂದು ಚಿಕಿತ್ಸೆಯೇ. ತೋರಿಸಿ ಸುಮ್ಮನಿರೋದು ಬೇರೆ, ಬಚ್ಚಿಟ್ಟು ಸುಮ್ಮನಿರೋದು ಬೇರೆ.

ಹೋದ ವಾರ ಚಿಕ್ಕಮ್ಮ ಬಂದಿದ್ದರು. ನನ್ನ ಕೈ ಹಿಡಿದು, ಎರಡು ಸೆಂಟಿಮೀಟರ್‌ನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, "ಇಷ್ಟೇನಾ?" ಅಂದರು. "ಇಷ್ಟೇ" ಅಂದೆ. ಅವರ ಗಾಯದ ಗುರುತನ್ನು ನಾನು ಇವತ್ತಿನವರೆಗೂ ನೋಡಿಲ್ಲ, ಕೇಳೋ ಧೈರ್ಯವೂ ಆಗಿಲ್ಲ. ಮರುದಿನ ಬೆಳಗ್ಗೆ ಅವರನ್ನು ಪೂಲಿಗೆ ಕರ್ಕೊಂಡು ಹೋದೆ. ಸೆಟ್ ಮುಗಿಸಿ ಬಂದಾಗ ಅವರು ಏಣಿಯ ಹತ್ತಿರ ಟವೆಲ್ ಹಿಡಿದು ಕಾಯ್ತಾ ಇದ್ದರು. ಅವತ್ತು ಏಣಿ ಹತ್ತಿಯೇ ಬಂದೆ.